ಗೌಂಡಿಯ ಉಸುಕು, ಮಕ್ಕಳ ಹೊಳೆ

ಅಫಜಲಪುರ ತಾಲೂಕಿನಲ್ಲಿ ಭೀಮಾನದಿಯ ದಂಡೆಗೆ ಹತ್ತಿಕೊಂಡು, ಯಲ್ಲಮ್ಮನ ಸನ್ನಿಧಿಯಿಂದ ಸುತ್ತಲಿನ ಸೀಮೆಗೆಲ್ಲ ಪರಿಚಿತವಾಗಿರುವ ಮಣ್ಣೂರಿಗೆ ಬೇಸಗೆಯ ಒಂದು ದಿನ ಹೋಗಿದ್ದಾಗ, ದರ್ಶನವನ್ನು ಮುಗಿಸಿಕೊಂಡು ಹಿಂದಿರುಗುವ ದಾರಿಯಲ್ಲಿ, ಒಂದು ಓಣಿಯ ತಿರುವಿನಲ್ಲಿ ನಾನು ಅರ್ಧ ತಾಸಿಗೂ ಮಿಗಿಲಾಗಿ ನಿಂತುಬಿಟ್ಟೆನು. ಅಲ್ಲಿ ಯಾರೋ ಹೊಸ ಮನೆಯನ್ನು ಕಟ್ಟಿಸುತ್ತಿದ್ದರು. ಗೋಡೆ ಎದೆಯುದ್ದ ಎದ್ದಿತ್ತು. ಗೌಂಡಿಯೂ ಅವನ ಸಂಗಡದ ಕೂಲಿಯವರೂ ಉಣ್ಣಲಿಕ್ಕೆ ಹೋಗಿದ್ದರು. ಎದುರಿನ ಬೇವಿನ ಗಿಡದ ನೆರಳಿನಲ್ಲಿ ಒಂದು ಟ್ರ್ಯಾಕ್ಟರಿನಷ್ಟು ಉಸುಕು ಬಿದ್ದಿತ್ತು. ಆ ಉಸುಕಿನ ಮೇಲೆ ಐದಾರು ಮಕ್ಕಳು ಲೋಕವನ್ನೇ ಮರೆತು ಕುಳಿತಿದ್ದರು.

ಅವರು ರಾಶಿಯ ನೆತ್ತಿಯಿಂದ ಬುಡದವರೆಗೆ ಅಂಕುಡೊಂಕಾಗಿ ಒಂದು ಕಾಲುವೆಯನ್ನು ತೋಡಿದ್ದರು. ಒಂಬತ್ತು ವರ್ಷದ ಒಬ್ಬ ಹುಡುಗಿ, ಸೊಂಟದ ಮೇಲೆ ತಮ್ಮನನ್ನು ಹೊತ್ತುಕೊಂಡೇ, ಗೌಂಡಿಯ ಬ್ಯಾರಲಿನಿಂದ ತಂಬಿಗೆಯಲ್ಲಿ ನೀರನ್ನು ತಂದು ನೆತ್ತಿಯ ಮೇಲೆ ಸುರಿಯುತ್ತಿದ್ದಳು. ಕಾಲುವೆಯ ನಡುವೆ ಅಡ್ಡಲಾಗಿ ಒಂದು ಹರಿದ ಚಪ್ಪಲಿ ನಿಂತಿತ್ತು. ಇಕ್ಕೆಲಗಳಲ್ಲಿ ತೊಗರಿಕಟ್ಟಿಗೆಯ ತುಂಡುಗಳು ಗಿಡಗಳಂತೆ ನಟ್ಟಿದ್ದವು. ಬುಡದಲ್ಲಿ ಇಟ್ಟಿಗೆಯ ಚೂರುಗಳಿಂದ ಒಂದು ಊರು ಎದ್ದಿತ್ತು. ಇನ್ನಷ್ಟು ಸಮೀಪದಿಂದ ನೋಡೋಣವೆಂದು ನಾನು ಮುಂದೆ ಬಂದೆನಷ್ಟೆ, ಒಬ್ಬ ಹುಡುಗ ಕೈಯೆತ್ತಿ ತಡೆದನು: “ಕಾಕಾ, ಅತ್ಲಾಗ ಸರೀರಿ, ನಮ್ಮ ಹೊಳಿ ಒಡಿತದ!” ಇದು ಯಾವ ಹೊಳೆಯೆಂದು ಕೇಳಿದೆನು. “ಭೀಮಾ ಅದರಿ. ಇದು ಬ್ಯಾರೇಜ. ಈಗ ನೀರ ಬಿಡ್ತಾರ, ಊರ ಮುಳಗತದ” ಎಂದು ಹೇಳಿ ಅವನು ಚಪ್ಪಲಿಯನ್ನು ಸರಕ್ಕನೆ ಎಳೆದನು. ನೀರು ನುಗ್ಗಿ ಇಟ್ಟಿಗೆಯ ಊರು ನೆನೆದು ವಾಲಿತು. ಮಕ್ಕಳೆಲ್ಲ ಒಮ್ಮೆಲೆ ಕೂಗಿಕೊಂಡರು. ಬಳಿಕ ಯಾರೂ ಯಾರಿಗೂ ಹೇಳದೆ ಆ ಚೂರುಗಳನ್ನೆತ್ತಿಕೊಂಡು, ಈ ಸಲ ಸ್ವಲ್ಪ ಎತ್ತರದಲ್ಲಿ, ಊರನ್ನು ಮತ್ತೆ ಕಟ್ಟತೊಡಗಿದರು.

2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಬಂದು ಈ ದಂಡೆಯ ಹಳ್ಳಿಗಳನ್ನು ನೀರಿನಲ್ಲಿ ನಿಲ್ಲಿಸಿದ್ದಳು. ಉಸುಕಿನ ಮೇಲಿದ್ದ ಮಕ್ಕಳಲ್ಲಿ ಕೆಲವರಿಗೆ ಅದರ ಮಸುಕಾದ ನೆನಪಿರಬಹುದು, ಕೆಲವರು ಹಿರಿಯರ ಬಾಯಿಂದ ಕೇಳಿ ತಿಳಿದಿರಬಹುದು. ಅದು ಹೇಗೇ ಇರಲಿ, ದೊಡ್ಡವರು ಮಾತಿನಲ್ಲಿ ಆಡಿ ಹಗುರಾಗುವ ಭಯವನ್ನು ಈ ಮಕ್ಕಳು ಕೈಯಲ್ಲಿ ಆಡಿ ಹಗುರಾಗುತ್ತಿದ್ದರೆಂಬುದು ನನಗೆ ಸ್ಪಷ್ಟವಾಗಿ ತೋರಿತು. ಯಾವ ಉಪಾಧ್ಯಾಯನೂ ಆ ಪಾಠವನ್ನು ನಿಯಮಿಸಿರಲಿಲ್ಲ. ಯಾವ ಶಿಲ್ಪಿಯೂ ಆ ಸ್ಥಳವನ್ನು ಮಕ್ಕಳಿಗೆಂದು ರಚಿಸಿರಲಿಲ್ಲ. ಆದರೂ ನೆರಳು, ಉಸುಕು, ನೀರು, ಎತ್ತಿ ಇಡಬಹುದಾದ ಹತ್ತೆಂಟು ಚೂರುಪಾರು, ಮನೆಯಿಂದ ಕೂಗಳತೆಯ ದೂರ, ಹಿರಿಯರ ಕಣ್ಣು ಇದ್ದೂ ಇಲ್ಲದಂತಿರುವ ಒಂದು ಹೊತ್ತು, ಇವೆಲ್ಲವೂ ಅಲ್ಲಿ ತಾವಾಗಿಯೇ ಕೂಡಿಬಂದಿದ್ದವು.

ಮಕ್ಕಳ ಆಟಕ್ಕಾಗಿ ಸ್ಥಳವನ್ನು ರಚಿಸುವ ವಿದ್ಯೆಯೆಂಬುದೊಂದು ಉಂಟು. ವಾಸ್ತುಶಿಲ್ಪಿಗಳೂ ಶಿಕ್ಷಣವೇತ್ತರೂ ಮನಶ್ಶಾಸ್ತ್ರಜ್ಞರೂ ಅದರಲ್ಲಿ ಬಹಳ ಶ್ರಮಪಟ್ಟಿರುವರು. ಆ ವಿದ್ಯೆಯ ಸಾರವನ್ನು ನಮ್ಮ ಸೀಮೆಯ ಕಣ್ಣಿನಿಂದ ನೋಡಿ, ಕಲಬುರ್ಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳಲ್ಲಿ ಅದು ಯಾವ ರೂಪವನ್ನು ತಾಳಬಹುದೆಂಬುದನ್ನು ವಾಚಕರ ಮುಂದಿಡಬೇಕೆಂಬುದೇ ಈ ಬರೆಹದ ಉದ್ದೇಶ.

ಮೊದಲು ಮಾತಿನ ಅರ್ಥವನ್ನು ನಿಷ್ಕರ್ಷೆ ಮಾಡಿಕೊಳ್ಳೋಣ. ಮಗು ತಾನೇ ಆರಿಸಿಕೊಂಡು, ತಾನೇ ಕಟ್ಟಳೆಗಳನ್ನು ಮಾಡಿಕೊಂಡು, ಯಾವ ಬಹುಮಾನಕ್ಕೂ ಯಾವ ಪರೀಕ್ಷೆಗೂ ಅಲ್ಲದೆ ಆಡುವ ಆಟವೇ ಸ್ವಚ್ಛಂದವಾದ ಆಟ. ಕವಾಯತು ಅದಲ್ಲ, ಪಂದ್ಯಾವಳಿಯೂ ಅದಲ್ಲ. ಖೊಖೊ, ಕಬಡ್ಡಿಗಳು ಉತ್ತಮವಾದ ಆಟಗಳೇ ಆದರೂ, ಅಂಕಣ ಎಳೆದು, ಸೀಟಿ ಊದಿ, ಗೆದ್ದವರಿಗೆ ಢಾಲು ಕೊಡತೊಡಗಿದ ಕೂಡಲೆ ಅವು ಬೇರೊಂದು ವರ್ಗಕ್ಕೆ ಸೇರುವುವು. ಉಸುಕಿನ ಹೊಳೆಯಲ್ಲಿ ಗೆದ್ದವರಾರು, ಸೋತವರಾರು? ಆ ಪ್ರಶ್ನೆಯೇ ಅಲ್ಲಿ ಹುಟ್ಟುವುದಿಲ್ಲ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯು ತನ್ನ 31ನೆಯ ವಿಧಿಯಲ್ಲಿ ವಿಶ್ರಾಂತಿಯನ್ನೂ ಆಟವನ್ನೂ ಮಗುವಿನ ಹಕ್ಕೆಂದು ಹೇಳಿದೆ. ಭಾರತವು 1992ರಲ್ಲಿ ಅದಕ್ಕೆ ಸಮ್ಮತಿಯಿತ್ತಿದೆ. 2009ರ ಶಿಕ್ಷಣದ ಹಕ್ಕಿನ ಕಾಯಿದೆಯು ಶಾಲೆಯೆಂದರೆ ಆಟದ ಬಯಲು ಇರತಕ್ಕದ್ದೆಂದು ವಿಧಿಸಿದೆ. ಹಕ್ಕು ಕಾಗದದ ಮೇಲೆ ಬಂದಾಗಿದೆ. ಅದು ನೆಲದ ಮೇಲೆ ಹೇಗೆ ಇಳಿಯಬೇಕೆಂಬುದೇ ಉಳಿದಿರುವ ಪ್ರಶ್ನೆ.

ಅದು ಇಳಿಯುವ ರೀತಿಯಲ್ಲಿ ಆಗುವ ತಪ್ಪಿಗೆ ನಾನು ಕಣ್ಣಾರೆ ಕಂಡ ಒಂದು ದೃಷ್ಟಾಂತವನ್ನು ಹೇಳುವೆನು. ಈ ಜಿಲ್ಲೆಯ ಒಂದು ಊರಿನ ಶಾಲೆಯ ಬಯಲಿನಲ್ಲಿ ಕಬ್ಬಿಣದ ಜಾರುಬಂಡಿಯೊಂದನ್ನು ನಿಲ್ಲಿಸಿದ್ದರು. ಬಣ್ಣ ಚೆನ್ನಾಗಿತ್ತು, ಗಚ್ಚಿನ ಬುನಾದಿಯೂ ಗಟ್ಟಿಯಾಗಿತ್ತು. ಆದರೆ ಅದು ಪಡುವಲಿಗೆ ಮುಖಮಾಡಿ, ಒಂದು ಗಿಡದ ನೆರಳೂ ಇಲ್ಲದ ಕಡೆ ನಿಂತಿತ್ತು. ಉಷ್ಣತೆಯು 42 ಡಿಗ್ರಿಯನ್ನು ದಾಟುವ ಬೇಸಗೆಯಲ್ಲಿ ಆ ತಗಡು ರೊಟ್ಟಿಯ ಹಂಚಿನಂತೆ ಕಾದಿರುವುದು. ಬೆಳಗಿನ ಎಂಟು ಗಂಟೆಯ ಬಳಿಕ ಸಂಜೆಯ ಆರರವರೆಗೆ ಅದರ ಮೇಲೆ ಕೂರುವ ಧೈರ್ಯ ಯಾವ ಮಗುವಿಗೂ ಇರಲಾರದು. ಮಕ್ಕಳು ಎಲ್ಲಿದ್ದರು? ಬಯಲಿನ ಮೂಲೆಯಲ್ಲಿ, ಒಡೆದ ಗೋಡೆಯ ಮಗ್ಗುಲಲ್ಲಿ, ಜಾಲಿಯ ಅರೆನೆರಳಿನಲ್ಲಿ, ಮುರಿದ ಪರಸಿಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ ಲಗೋರಿ ಆಡುತ್ತಿದ್ದರು. ಹಣ ಒಂದು ಕಡೆ ವೆಚ್ಚವಾಗಿತ್ತು, ಆಟ ಇನ್ನೊಂದು ಕಡೆ ನಡೆದಿತ್ತು. ಅದನ್ನು ಕಟ್ಟಿಸಿದವರ ಸದುದ್ದೇಶದಲ್ಲಿ ನನಗೆ ಲೇಶವೂ ಸಂದೇಹವಿಲ್ಲ. ಮಕ್ಕಳು ಅದುವರೆಗೆ ಎಲ್ಲಿ ಆಡುತ್ತಿದ್ದರೆಂಬುದನ್ನು ಒಂದು ದಿನ ಕುಳಿತು ನೋಡಿದ್ದರೆ ಸಾಕಾಗುತ್ತಿತ್ತೆಂಬುದೇ ನನ್ನ ವ್ಯಥೆ.

ಹೀಗೆ ಕುಳಿತು ನೋಡಿದವರಲ್ಲಿ ಡೆನ್ಮಾರ್ಕಿನ ಉದ್ಯಾನಶಿಲ್ಪಿ ಸೋರೆನ್‌ಸೆನ್ ಅಗ್ರಗಣ್ಯನು. ಅವನು ತಾನು ರಚಿಸಿದ ಅಂದವಾದ ಆಟದ ತೋಟಗಳನ್ನು ಬಿಟ್ಟು ಮಕ್ಕಳು ಮನೆ ಕಟ್ಟುತ್ತಿರುವ ಸ್ಥಳಗಳಿಗೇ ಓಡುವುದನ್ನು ಕಂಡನು. ಅಲ್ಲಿ ಬಿದ್ದಿರುವ ಹಲಗೆ, ಇಟ್ಟಿಗೆ, ಮಣ್ಣುಗಳಿಂದ ಅವರು ಕಟ್ಟುವುದನ್ನೂ ಕೆಡಹುವುದನ್ನೂ ನೋಡಿ, ಅಂಥದೊಂದು ಸ್ಥಳವನ್ನೇ ಮಕ್ಕಳಿಗೆ ಬಿಟ್ಟುಕೊಟ್ಟರೇನೆಂದು 1930ರ ದಶಕದಷ್ಟು ಹಿಂದೆಯೇ ಯೋಚಿಸಿದನು. 1943ರಲ್ಲಿ, ದೇಶವು ಜರ್ಮನರ ಸೈನ್ಯದ ಹಿಡಿತದಲ್ಲಿದ್ದಾಗ, ಕೋಪನ್‌ಹೇಗನ್ನಿನ ಎಮ್‌ಡ್ರುಪ್ ಎಂಬಲ್ಲಿ ಆ ಯೋಚನೆ ಕೈಗೂಡಿತು. ಹಳೆಯ ಮರಮುಟ್ಟು, ಗಾಲಿ, ಹಗ್ಗ, ಸಲಿಕೆ, ಸುತ್ತಿಗೆಗಳು ಅಲ್ಲಿ ಮಕ್ಕಳ ವಶದಲ್ಲಿದ್ದವು. ಮಾರ್ಗದರ್ಶನಕ್ಕೆ ಒಬ್ಬ ಹಿರಿಯನಿದ್ದನು, ಆದರೆ ಆಜ್ಞಾಪಿಸುವುದು ಅವನ ಕೆಲಸವಾಗಿರಲಿಲ್ಲ. ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ಲೇಡಿ ಆಲನ್ ಅದನ್ನು ನೋಡಿ ಬಂದು, ಬಾಂಬು ಬಿದ್ದು ಪಾಳಾದ ತನ್ನ ದೇಶದ ನಿವೇಶನಗಳಲ್ಲಿ ಅದೇ ಮಾದರಿಯನ್ನು ಹಬ್ಬಿಸಿದಳು. ಮಣ್ಣೂರಿನ ಓಣಿಯಲ್ಲಿ ಗೌಂಡಿ ಉಣ್ಣಲಿಕ್ಕೆ ಹೋದ ಹೊತ್ತಿನಲ್ಲಿ ನಡೆದಿದ್ದುದು ಎಮ್‌ಡ್ರುಪ್ಪಿನಲ್ಲಿ ಹಗಲೆಲ್ಲ ನಡೆಯುತ್ತಿತ್ತು.

ಈ ಅನುಭವಕ್ಕೆ ಸಿದ್ಧಾಂತದ ರೂಪವನ್ನು ಕೊಟ್ಟವನು ಸೈಮನ್ ನಿಕೋಲ್‌ಸನ್. ಶಿಲ್ಪಿಯಾದ ತಾಯಿ ಬಾರ್ಬರಾ ಹೆಪ್‌ವರ್ತ್, ಚಿತ್ರಕಾರನಾದ ತಂದೆ ಬೆನ್ ನಿಕೋಲ್‌ಸನ್ ಇವರ ಮಗನಾದ ಅವನು 1971ರ ಒಂದು ಲೇಖನದಲ್ಲಿ ಪ್ರತಿಪಾದಿಸಿದ್ದರ ತಾತ್ಪರ್ಯವಿಷ್ಟು: ಒಂದು ಸ್ಥಳದಲ್ಲಿ ಮನುಷ್ಯನು ಎಷ್ಟರಮಟ್ಟಿಗೆ ಹೊಸದನ್ನು ಕಲ್ಪಿಸಬಲ್ಲನೆಂಬುದು, ಅಲ್ಲಿ ಎತ್ತಿ, ಸರಿಸಿ, ಜೋಡಿಸಿ, ಬಿಚ್ಚಬಹುದಾದ ಬಿಡಿ ವಸ್ತುಗಳು ಎಷ್ಟು, ಎಷ್ಟು ಬಗೆಯವು ಇವೆಯೆಂಬುದರ ಮೇಲೆ ನಿಂತಿದೆ. ಜಾರುಬಂಡಿ ಒಂದೇ ಒಂದು ಪ್ರಶ್ನೆಯನ್ನು ಕೇಳುವುದು. ಮಗು ಎರಡು ಸಲ ಉತ್ತರ ಹೇಳಿ ಮೂರನೆಯ ಸಲ ಬೇಸರಪಡುವುದು. ಉಸುಕಾದರೋ ಪ್ರತಿದಿನ ಹೊಸ ಪ್ರಶ್ನೆಯನ್ನು ಕೇಳುವುದು.

ಈಗ ನಮ್ಮ ಸೀಮೆಯ ಕಡೆಗೆ ತಿರುಗಿದರೆ, ಬಿಡಿ ವಸ್ತುಗಳ ವಿಷಯದಲ್ಲಿ ಇದರಷ್ಟು ಸಂಪನ್ನವಾದ ಪ್ರದೇಶ ಮತ್ತೊಂದಿಲ್ಲವೆಂದೇ ಹೇಳಬೇಕಾಗುವುದು. ಜೋಳದ ರಾಶಿಯಾದ ಮೇಲೆ ಉಳಿಯುವ ದಂಟನ್ನೇ ತೆಗೆದುಕೊಳ್ಳಿರಿ. ಹುಡುಗನೊಬ್ಬನು ದಂಟಿನ ಸಿಪ್ಪೆಯನ್ನು ಹಲ್ಲಿನಿಂದ ಸುಲಿದು, ಒಳಗಿನ ಬಿಳಿಯ ಬೆಂಡನ್ನು ಬೆರಳುದ್ದದ ತುಂಡುಗಳಾಗಿ ಮುರಿದು, ಸಿಪ್ಪೆಯ ಸೀಳನ್ನೇ ಮೊಳೆಯಂತೆ ಬೆಂಡಿಗೆ ಚುಚ್ಚಿ, ನೊಗ, ಈಸು, ಗಾಲಿಗಳೆಲ್ಲ ಇರುವ ಒಂದು ಬಂಡಿಯನ್ನು ಹೂಡುವುದನ್ನು ನೋಡಬೇಕು. ಸಿಪ್ಪೆಯ ಅಂಚು ಬ್ಲೇಡಿನಂತೆ ಹರಿತ. ಒಂದೆರಡು ಸಲ ಬೆರಳು ಕೊಯ್ದುಕೊಂಡ ಮೇಲೆಯೇ ಅದನ್ನು ಹಿಡಿಯುವ ಹದ ತಿಳಿಯುವುದು. ಗಾಲಿಯನ್ನು ಬಲು ಬಿಗಿಯಾಗಿ ಕೂರಿಸಿದರೆ ತಿರುಗದು, ಸಡಿಲ ಬಿಟ್ಟರೆ ಕಳಚುವುದು. ಆ ಎರಡರ ನಡುವಿನ ಸೂಕ್ಷ್ಮವನ್ನು ಬೆರಳು ತಾನೇ ಕಂಡುಕೊಳ್ಳುವುದು. ಇದಕ್ಕೆ ವೆಚ್ಚವೆಷ್ಟು? ಬಣವೆಯಿಂದ ಎಳೆದ ಎರಡು ದಂಟು. ಇದಕ್ಕೆ ಬೇಕಾದ ಸ್ಥಳವಾವುದು? ಬಣವೆಯ ಮಗ್ಗುಲಿನ ನೆರಳು, ಕೂತುಕೊಳ್ಳಲು ಒಂದು ಕಲ್ಲು, ಬೈಯದಿರುವ ಒಬ್ಬ ಮುತ್ಯಾ.

ಮಣ್ಣೂರಿನ ಹೆಸರಿನಲ್ಲಿಯೇ ಮಣ್ಣು ಇದೆ. ಆ ಹೆಸರಿನ ಇತಿಹಾಸವೇನೇ ಇರಲಿ, ಈ ಭಾಗದ ಹಬ್ಬಗಳ ಪಂಚಾಂಗವು ಮಕ್ಕಳ ಕೈಗೆ ಮಣ್ಣನ್ನು ಇಡುವುದರಲ್ಲಿ ತೋರಿರುವ ವಿವೇಕ ನನಗೆ ಯಾವಾಗಲೂ ಆಶ್ಚರ್ಯವನ್ನುಂಟುಮಾಡಿದೆ. ಕಾರಹುಣ್ಣಿಮೆಯ ಬಳಿಕ ಬರುವ ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ, ಮೊದಲ ಮಳೆಗೆ ಹದಗೊಂಡ ಎರೆಮಣ್ಣನ್ನು ತಂದು ಎತ್ತುಗಳನ್ನು ಮಾಡುವರು. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಗುಳ್ಳವ್ವನನ್ನು ಮಣ್ಣಿನಲ್ಲಿ ಮೂಡಿಸಿ, ಗುಲಗಂಜಿಗಳಿಂದ ಶೃಂಗರಿಸಿ, ಆಡಿ ಹಾಡುವರು. ಶ್ರಾವಣದ ನಾಗರ ಪಂಚಮಿಗೆ ಊರಿನ ಗಟ್ಟಿ ಟೊಂಗೆಗಳಲ್ಲೆಲ್ಲ ಜೋಕಾಲಿಗಳು ಏರುವುವು. ಹೀಗೆ ಮಣ್ಣು ಮೆತುವಾಗಿರುವ ಕಾಲಕ್ಕೆ ಮಣ್ಣಿನ ಆಟವನ್ನೂ, ಗಾಳಿ ತಂಪಾಗಿರುವ ಕಾಲಕ್ಕೆ ಜೋಕಾಲಿಯ ಆಟವನ್ನೂ ಹೊಂದಿಸಿಟ್ಟು, ಅದಕ್ಕೆ ಪೂಜೆಯ ಗೌರವವನ್ನೂ ಸೇರಿಸಿದುದರಿಂದ, ಮಗುವಿನ ಕೈ ಕೆಸರಾದುದಕ್ಕೆ ಆ ದಿನಗಳಲ್ಲಿ ಯಾವ ತಾಯಿಯೂ ಸಿಡುಕುತ್ತಿರಲಿಲ್ಲ. ಸ್ಥಳಗಳನ್ನು ಊರು ಕೊಟ್ಟಿತ್ತು, ಹೊತ್ತನ್ನು ಹಬ್ಬ ಕೊಟ್ಟಿತ್ತು. ಇಂದು ಮಣ್ಣೆತ್ತುಗಳು ಬಣ್ಣ ಬಳಿಸಿಕೊಂಡು ಅಂಗಡಿಯಿಂದ ಮನೆಗೆ ಬರುತ್ತಿರುವುದನ್ನು ಕಂಡಾಗ, ಎತ್ತು ಬಂತು, ಆದರೆ ಆಟ ಬರಲಿಲ್ಲವಲ್ಲಾ ಎಂದು ಮನಸ್ಸು ಮರುಗುವುದು.

ಆದಕಾರಣ ರಚನೆಯೆಂಬುದು ಇಲ್ಲಿ ಮೊದಲು ಉಳಿಸುವ ಕೆಲಸ, ಬಳಿಕ ಕೂಡಿಸುವ ಕೆಲಸ. ಅಗಸಿಯ ಮುಂದಿನ ಬಯಲು, ಗುಡಿಯ ಕಟ್ಟೆ, ಹನುಮಪ್ಪನ ಎದುರಿನ ಬೇವು, ಸುಗ್ಗಿ ಮುಗಿದ ಕಣ, ಹಿತ್ತಲಿನ ಸಂದು, ಇವುಗಳಲ್ಲಿ ಯಾವುದರಲ್ಲಿ ಯಾವ ಆಟ ನಡೆಯುತ್ತಿದೆಯೆಂಬುದನ್ನು ಮಕ್ಕಳಿಂದಲೇ ಕೇಳಿ, ಅವರಿಂದಲೇ ನೆಲದ ಮೇಲೆ ಊರಿನ ನಕ್ಷೆಯನ್ನು ಬರೆಯಿಸಿ, ಮೊದಲು ಗುರುತು ಮಾಡಿಕೊಳ್ಳಬೇಕು. ಓಣಿಗೆ ಗಚ್ಚಿನ ರಸ್ತೆ ಬೇಡವೆಂದು ನಾನು ಹೇಳುತ್ತಿಲ್ಲ; ಮಳೆಗಾಲದಲ್ಲಿ ಎರೆಯ ಕೆಸರಿನಲ್ಲಿ ಮೊಣಕಾಲುದ್ದ ಹುಗಿದು ನಡೆದವನಿಗೆ ಅದರ ಬೆಲೆ ಗೊತ್ತು. ಆದರೆ ಗೋಡೆಯಿಂದ ಗೋಡೆಗೆ ಒಂದಂಗುಲವನ್ನೂ ಬಿಡದೆ ಗಚ್ಚು ಹೊಯ್ದಾಗ ಗೋಟಿಯ ಗುಳಿಗೆ ತಾವಿಲ್ಲ, ಬುಗುರಿಯ ಮೊಳೆಗೆ ಮಣ್ಣಿಲ್ಲ, ಚಿಣ್ಣಿದಾಂಡಿನ ಬದ್ದು ತೋಡುವುದಕ್ಕೆ ನೆಲವಿಲ್ಲ. ರಸ್ತೆಯ ಒಂದು ಮಗ್ಗುಲಲ್ಲಿ, ಎಲ್ಲಿ ಗಿಡವಿದೆಯೋ ಅಲ್ಲಿ, ಮೂರು ಮಾರು ಮಣ್ಣನ್ನು ಹಾಗೆಯೇ ಬಿಟ್ಟರೆ ಗುತ್ತಿಗೆದಾರನಿಗೆ ನಷ್ಟವಿಲ್ಲ, ಊರಿಗೆ ಲಾಭವಿದೆ.

ನೆಲದ ವಿಷಯವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು, ಏಕೆಂದರೆ ಇಲ್ಲಿಯ ನೆಲ ಸಾಮಾನ್ಯವಾದ ನೆಲವಲ್ಲ. ಎರೆಭೂಮಿ ಬೇಸಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿಯುವುದು, ಮಳೆಯಲ್ಲಿ ಕಾಲಿಗೆ ಮೆತ್ತಿಕೊಂಡು ಬಿಡದಿರುವುದು. ಓಡುವ ಆಟಕ್ಕೆ ಅದು ಎರಡು ಕಾಲದಲ್ಲಿಯೂ ಒಗ್ಗದು. ಆದ್ದರಿಂದ ಬಯಲಿನ ಒಂದು ಭಾಗಕ್ಕೆ ಗರಸನ್ನು ಹಾಸಿ, ನೀರು ಒಂದು ಕಡೆಗೆ ಹರಿಯುವಂತೆ ಇಳಿಜಾರು ಕೊಟ್ಟರೆ ಅದು ಓಟಕ್ಕೆ ಒದಗುವುದು. ಇನ್ನೊಂದು ಭಾಗದಲ್ಲಿ ಎರೆಮಣ್ಣನ್ನೇ ಬಿಟ್ಟು, ಹತ್ತಿರ ಒಂದು ನಳವೋ ಬೋರಿನ ತೊಟ್ಟಿಯೋ ಇರುವಂತೆ ಮಾಡಿದರೆ ಅದು ಕೈಯ ಆಟಕ್ಕೆ ಒದಗುವುದು. ಮೂರನೆಯದಾಗಿ ಒಂದು ಉಸುಕಿನ ಗುಂಡಿ. ಗುಂಡಿಯ ಸುತ್ತ ಶಹಾಬಾದಿನ ಪರಸಿಕಲ್ಲನ್ನು, ಕೂರುವಷ್ಟು ಅಗಲವಾಗಿ, ಒಂದು ಗೇಣು ಎತ್ತರಕ್ಕೆ ಕೂರಿಸಿದರೆ, ಆ ಅಂಚು ಚಿಕ್ಕವರಿಗೆ ನಡೆಯುವ ಸೇತುವೆ, ಹುಡುಗಿಯರಿಗೆ ಹರಳಾಡುವ ಜಗುಲಿ, ಮಸಿಯಿಂದ ಚೌಕಾಬಾರದ ಮನೆಗಳನ್ನು ಬರೆಯುವ ಹಲಗೆ, ಮೊಮ್ಮಗನನ್ನು ಕಾಯುತ್ತ ಕೂರುವ ಆಯಿಗೆ ಪೀಠ, ಎಲ್ಲವೂ ಆಗುವುದು. ನೆರಳಿನಲ್ಲಿದ್ದರೆ ಪರಸಿ ನಡುಹಗಲಿನಲ್ಲಿಯೂ ತಂಪಾಗಿರುವುದೆಂಬುದನ್ನು ಈ ಭಾಗದ ಯಾವ ಪಡಸಾಲೆಯಲ್ಲಿ ಮಲಗಿದವನೂ ಬಲ್ಲನು.

ಉಸುಕಿನ ಗುಂಡಿಗೆ ಅಗಲವಾದ ಅಂಚನ್ನು ಕಟ್ಟುವ ಈ ಯುಕ್ತಿ ನನ್ನದಲ್ಲ. ಮಹಾಯುದ್ಧದ ಬಳಿಕ ಆಮ್‌ಸ್ಟರ್‌ಡಾಮ್ ನಗರದಲ್ಲಿ ಆಲ್ಡೋ ವಾನ್ ಐಕ್ ಎಂಬ ವಾಸ್ತುಶಿಲ್ಪಿ 1947ರಿಂದ 1978ರವರೆಗೆ ಏಳು ನೂರಕ್ಕೂ ಮಿಕ್ಕಿ ಆಟದ ತಾಣಗಳನ್ನು ರಚಿಸಿದನು. ಬಹುಭಾಗ ಅವು ಎರಡು ಮನೆಗಳ ನಡುವಿನ ಖಾಲಿ ಜಾಗಗಳು, ರಸ್ತೆಯ ತಿರುವುಗಳು, ಯಾರಿಗೂ ಬೇಡವಾದ ಮೂಲೆಗಳು. ಅಲ್ಲಿ ಅವನು ಇಟ್ಟದ್ದಾದರೂ ಏನು? ಒಂದು ಉಸುಕಿನ ಗುಂಡಿ, ಜಿಗಿಯುವುದಕ್ಕೆ ಕೆಲವು ದುಂಡು ಕಲ್ಲುಗಳು, ತಲೆಕೆಳಗಾಗಿ ಜೋಲುವುದಕ್ಕೆ ಬಾಗಿದ ಸರಳುಗಳು, ಗಿಡಗಳು, ಹಿರಿಯರಿಗೆ ಬೆಂಚುಗಳು. ಆನೆಯ ಆಕಾರವಿಲ್ಲ, ವಿಮಾನದ ಆಕಾರವಿಲ್ಲ. ಆ ಕಲ್ಲನ್ನು ಆನೆಯೆನ್ನಬೇಕೋ ವಿಮಾನವೆನ್ನಬೇಕೋ ಎಂಬ ನಿರ್ಧಾರ ಮಗುವಿನದು. ನಮ್ಮ ಹಳ್ಳಿಗೆ ಈ ಮಾದರಿ ಒಪ್ಪುವಷ್ಟು, ನಗರದ ಉದ್ಯಾನದಲ್ಲಿ ಕಾಣುವ ಪ್ಲಾಸ್ಟಿಕ್ಕಿನ ಮಾಳಿಗೆಮನೆಗಳು ಒಪ್ಪಲಾರವು.

ನೆರಳಿನ ವಿಷಯದಲ್ಲಿ ಮಾತ್ರ ಆಮ್‌ಸ್ಟರ್‌ಡಾಮಿನಿಂದ ನಾವು ಕಲಿಯುವುದು ಏನೂ ಇಲ್ಲ. ಅಲ್ಲಿಯವರಿಗೆ ಬಿಸಿಲು ವರ, ನಮಗೆ ನೆರಳು ವರ. ಕಲಬುರ್ಗಿಯ ಬೇಸಗೆಯಲ್ಲಿ ಗಿಡವಿಲ್ಲದ ಆಟದ ಬಯಲು ವರ್ಷದ ನಾಲ್ಕು ತಿಂಗಳು ಮುಚ್ಚಿದ ಬಾಗಿಲೇ ಸರಿ. ಎಲ್ಲಿ ಬೇವು, ಹುಣಸೆ, ಬಸರಿ, ಅರಳಿಗಳು ಈಗಾಗಲೆ ನಿಂತಿವೆಯೋ ಅಲ್ಲಿಗೇ ಆಟದ ಸ್ಥಳವನ್ನು ಒಯ್ಯಬೇಕೇ ಹೊರತು, ಸ್ಥಳವನ್ನು ಎಲ್ಲಿಯೋ ನಿಶ್ಚಯಿಸಿ ಬಳಿಕ ಸಸಿ ನೆಡುವುದು ಇಂದಿನ ಮಕ್ಕಳಿಗೆ ನ್ಯಾಯವಲ್ಲ. ಇಂದಿನ ಆರು ವರ್ಷದ ಮಗು ಆ ಸಸಿಯ ನೆರಳಿಗೆ ಬರುವ ಹೊತ್ತಿಗೆ ದುಡಿಯಲಿಕ್ಕೆ ಪುಣೆಗೋ ಮುಂಬಯಿಗೋ ಹೋಗಿರುವುದು. ಗಿಡವೇ ಇಲ್ಲದೆಡೆ, ನೆಟ್ಟ ಸಸಿ ಬೆಳೆಯುವವರೆಗೆ, ತೊಗರಿಕಟ್ಟಿಗೆಯ ಚಪ್ಪರವನ್ನಾದರೂ ಹಾಕಬೇಕು. ಮರ ಹತ್ತುವುದಕ್ಕೂ ಬೇಕು: ಗಿಡಮಂಗನ ಆಟಕ್ಕೆ ಕೆಳಗಿನ ಒಂದು ಟೊಂಗೆ ಮಗುವಿನ ಎದೆಯೆತ್ತರದಲ್ಲಿರುವುದು ಅವಶ್ಯ, ಆದರೆ ಗಿಡವನ್ನು ಸವರುವವರು ಆ ಟೊಂಗೆಯನ್ನೇ ಮೊದಲು ಕಡಿಯುವರು.

ಟೊಂಗೆಯ ಮಾತು ಬಂದೊಡನೆ ತಾಯಂದಿರ ಆತಂಕವೂ ಬರುವುದು, ಅದು ಸಹಜ. ಮಹಾಭಾರತದ ಬಾಲಭೀಮನು ಹಣ್ಣಿಗಾಗಿ ಮರವೇರಿದ ಕೌರವರನ್ನು ಬುಡ ಅಲುಗಾಡಿಸಿ ಕೆಡಹುತ್ತಿದ್ದ ಕಾಲದಿಂದಲೂ ಮಕ್ಕಳು ಬೀಳುತ್ತ ಬಂದಿರುವರು. ದ್ರೋಣನ ಪರಿಚಯವೇ ಆ ರಾಜಕುಮಾರರಿಗೆ ಆದದ್ದು ಆಟದ ಸಾಮಾನು ಬಾವಿಗೆ ಬಿದ್ದುದರಿಂದ. ಎತ್ತರ, ವೇಗ, ಹರಿತವಾದ ಉಪಕರಣ, ನೀರು ಬೆಂಕಿಗಳಂಥ ಪದಾರ್ಥ, ಕುಸ್ತಿಯಂಥ ಸೆಣಸಾಟ, ಕಣ್ಮರೆಯಾಗಿ ಅಲೆಯುವುದು ಎಂದು ಸಾಹಸದ ಆಟವನ್ನು ಆರು ಬಗೆಯಾಗಿ ವಿಂಗಡಿಸಿರುವ ನಾರ್ವೆಯ ವಿದುಷಿ ಎಲೆನ್ ಸ್ಯಾಂಡ್‌ಸೆಟರ್, ಮಗು ತನ್ನ ಅಂಜಿಕೆಯನ್ನು ಅಳೆದು ನೋಡಿಕೊಳ್ಳುವುದು ಈ ಆಟಗಳಲ್ಲಿಯೇ ಎಂದು ತೋರಿಸಿರುವಳು. ಇಲ್ಲಿ ಒಂದು ವಿವೇಚನೆ ಅಗತ್ಯ. ಮಗುವಿನ ಕಣ್ಣಿಗೆ ಕಾಣುವ ಅಪಾಯ ಬೇರೆ, ಕಾಣದ ಅಪಾಯ ಬೇರೆ. ಟೊಂಗೆ ಎಷ್ಟು ಎತ್ತರವೆಂಬುದು ಮಗುವಿಗೆ ಕಾಣುವುದು; ಅದು ತನ್ನ ಶಕ್ತಿಯನ್ನು ತೂಗಿ ನೋಡಿ ಏರುವುದು. ಆದರೆ ಉಸುಕು ತೆಗೆದು ಬಿಟ್ಟ ಹೊಳೆಯ ಪಾತ್ರದ ಗುಂಡಿ ನೀರಿನಡಿಯಲ್ಲಿ ಕಾಣದು; ಕಟ್ಟೆಯಿಲ್ಲದ ಬಾವಿ, ಮುಚ್ಚದ ಬೋರು, ಜೋತುಬಿದ್ದ ತಂತಿ, ಮಣ್ಣಿನಲ್ಲಿ ಹುದುಗಿದ ಗಾಜು, ಇವು ಮಗುವಿನ ಲೆಕ್ಕಕ್ಕೆ ಸಿಕ್ಕುವ ಅಪಾಯಗಳಲ್ಲ. ಎರಡನೆಯ ಜಾತಿಯದನ್ನು ನಿರ್ದಾಕ್ಷಿಣ್ಯವಾಗಿ ತೆಗೆದುಹಾಕುವುದು ಹಿರಿಯರ ಕರ್ತವ್ಯ, ಮೊದಲನೆಯದನ್ನು ಬಿಟ್ಟುಕೊಡುವುದೂ ಅವರ ಕರ್ತವ್ಯ. ಭೀಮೆಯ ದಂಡೆಯಲ್ಲಿರುವ ಊರಿನ ಮಕ್ಕಳಿಗೆ ಊರೊಳಗೆ ನೀರಿನ ಆಟ ಸಿಕ್ಕದಿದ್ದರೆ ಅವರು ಹೊಳೆಗೇ ಹೋಗುವರು. ತೊಟ್ಟಿಯ ಮಗ್ಗುಲಿನ ಮೊಣಕಾಲುದ್ದದ ಕಾಲುವೆ ಆದಕಾರಣ ಪ್ರಾಣರಕ್ಷಣೆಯ ಸಾಧನವೂ ಹೌದು.

ಉಸುಕಿನ ಮೇಲಿದ್ದ ಆ ಹುಡುಗಿ ನನ್ನ ಮನಸ್ಸಿನಿಂದ ಇಳಿಯಲೊಲ್ಲಳು. ಅವಳ ಸೊಂಟದ ಮೇಲಿನ ಕೂಸು ಅಳತೊಡಗಿದಾಗ ಅವಳು ತಂಬಿಗೆಯನ್ನು ಕೆಳಗಿಟ್ಟು, ಕೂಸನ್ನು ತಟ್ಟಿ, ಮತ್ತೆ ತಂಬಿಗೆಯನ್ನು ಎತ್ತಿಕೊಂಡಳು. ಒಂದು ಕೈ ಮನೆಗೆಲಸದಲ್ಲಿ, ಒಂದು ಕೈ ಆಟದಲ್ಲಿ. ಈ ಸೀಮೆಯ ಬಹುಮಂದಿ ಹೆಣ್ಣುಮಕ್ಕಳ ಆಟ ಹೀಗೆಯೇ ಕೆಲಸದ ಸಂದಿನಲ್ಲಿ ನಡೆಯುವುದು, ಹತ್ತುಹನ್ನೊಂದು ವರ್ಷ ತುಂಬುತ್ತಲೆ ಅದೂ ನಿಲ್ಲುವುದು. ಊರಾಚೆಯ ವಿಶಾಲವಾದ ಕ್ರೀಡಾಂಗಣ ಅವಳಿಗೆ ಇಲ್ಲದ ಹಾಗೆಯೇ. ಅವಳಿಗೆ ಬೇಕಾದದ್ದು ಬಾಗಿಲಿನಿಂದ ಕೂಗಿದರೆ ಕೇಳುವ ದೂರದಲ್ಲಿ ಒಂದು ಕಟ್ಟೆ, ಒಂದು ಜೋಕಾಲಿ, ಕುಂಟಲಿಪಿಗೆ ಎರಡು ಮಾರು ಸಮನೆಲ, ಕೂಸನ್ನು ಇಳಿಸಬಹುದಾದ ಶುಚಿಯಾದ ಒಂದು ಹಾಸು. ತಾರಾಬಾಯಿ ಮೋಡಕರು 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಗ್ರಾಮೀಣ ಶಿಶುಶಿಕ್ಷಣದ ಪ್ರಯೋಗವನ್ನು ಆರಂಭಿಸಿದಾಗ, ಶಾಲೆಗೆ ಬಾರದ ಮಕ್ಕಳಿರುವ ಅಂಗಳಕ್ಕೆ ಶಾಲೆಯೇ ಹೋಗಲಿ ಎಂದು ಬಗೆದರು. ಅಂಗನವಾಡಿಯೆಂಬ ಹೆಸರು ಆ ಅಂಗಳದಿಂದ ಹುಟ್ಟಿತು. 1975ರ ಅಕ್ಟೋಬರ್ 2ರಂದು ದೇಶದಲ್ಲಿ 33 ಕಡೆ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ, ನಮ್ಮ ರಾಜ್ಯದಲ್ಲಿ ಅದು ಮೊದಲು ಕಾಲಿಟ್ಟದ್ದು ತಿರುಮಕೂಡಲು ನರಸೀಪುರದಲ್ಲಿ. ಅಂಗನವಾಡಿಗಳಿಗೆ ಈಗ ಕಟ್ಟಡ ಬಂದಿದೆ, ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆಗಳೂ ತೆರೆದಿವೆ, ಇವು ಅಭಿನಂದನೀಯ. ಆದರೆ ಎಷ್ಟೋ ಕಡೆ ಕೋಣೆ ಬೆಳೆದು ಅಂಗಳ ಕುಗ್ಗಿದೆ. ಕೋಣೆಯೊಳಗಿನ ಗೋಡೆಯ ಮೇಲೆ ಹುಲಿಯ ಚಿತ್ರವನ್ನು ಬರೆಯಿಸುವ ಹಣದಲ್ಲಿ ಅಂಗಳಕ್ಕೆ ಒಂದು ಬಂಡಿ ಉಸುಕು ಬಂದೀತು.

ಕಟ್ಟೆಯ ವಿಷಯದಲ್ಲಿ ಇನ್ನೊಂದು ಮಾತನ್ನು ಮರೆಮಾಚದೆ ಹೇಳಬೇಕು. ಊರಿನ ಎಲ್ಲ ಕಟ್ಟೆಗಳೂ ಎಲ್ಲ ಮಕ್ಕಳಿಗೂ ತೆರೆದಿಲ್ಲ. ಯಾವ ಓಣಿಯ ಮಗು ಯಾವ ಗಿಡದ ಕೆಳಗೆ ಕೂರಬಹುದೆಂಬ ಲೆಕ್ಕ ಇನ್ನೂ ಹಲವು ಊರುಗಳಲ್ಲಿ ಬಾಯಿಬಿಡದೆ ನಡೆಯುತ್ತಿದೆ. ಮಕ್ಕಳು ಅದನ್ನು ಓದು ಕಲಿಯುವ ಮುಂಚೆಯೇ ಕಲಿಯುವರು. ಆದ್ದರಿಂದ ಊರಿಗೊಂದೇ ದೊಡ್ಡ ಬಯಲೆಂಬ ಯೋಜನೆ ಕೇಳಲು ಚೆನ್ನಾಗಿದ್ದರೂ, ಅದು ಯಾರ ಮನೆಯ ಮುಂದೆ ಬರುವುದೆಂಬುದರಲ್ಲಿ ಅದರ ಭಾಗ್ಯ ಅಡಗಿದೆ. ಎರಡು ಓಣಿಗಳು ಕೂಡುವ ಎಡೆಯಲ್ಲಿ, ಶಾಲೆಯ ಮಗ್ಗುಲಲ್ಲಿ, ನೀರಿನ ತೊಟ್ಟಿಯ ಬಳಿಯಲ್ಲಿ, ಎಲ್ಲರ ಹೆಜ್ಜೆಯೂ ಸಹಜವಾಗಿ ಬೀಳುವ ಕಡೆಯಲ್ಲಿ ಚಿಕ್ಕಚಿಕ್ಕ ತಾಣಗಳನ್ನು ಹಲವಾಗಿ ಮಾಡುವುದು ಮೇಲು.

ಬಡತನವಿದ್ದಲ್ಲಿ ಆಟದ ಚಿಂತೆ ಏತಕ್ಕೆಂದು ಕೇಳುವವರುಂಟು. ಅಮೆರಿಕದ ಕೆವಿನ್ ಲಿಂಚ್ ಎಂಬ ನಗರಶಾಸ್ತ್ರಜ್ಞನು 1970ರ ದಶಕದಲ್ಲಿ ಯುನೆಸ್ಕೋದ ಆಶ್ರಯದಲ್ಲಿ ಆರ್ಜೆಂಟೀನಾ, ಆಸ್ಟ್ರೇಲಿಯ, ಮೆಕ್ಸಿಕೊ, ಪೋಲೆಂಡುಗಳ ಮಕ್ಕಳು ತಮ್ಮ ಕೇರಿಗಳನ್ನು ಹೇಗೆ ಬಳಸುವರೆಂಬುದನ್ನು ಅಭ್ಯಸಿಸಿದ್ದನು. 1990ರ ದಶಕದಲ್ಲಿ ಅದೇ ಅಧ್ಯಯನವನ್ನು ಹೊಸದಾಗಿ ಕೈಗೊಂಡಾಗ ಬೆಂಗಳೂರಿನ ಅಂಚಿನಲ್ಲಿದ್ದ ಸತ್ಯನಗರವೆಂಬ ಬಡವರ ಬಡಾವಣೆಯನ್ನೂ ಆರಿಸಿಕೊಂಡರು. ಅಲ್ಲಿಯ ಮಕ್ಕಳು ಚಿತ್ರ ಬರೆದು, ಸಂಶೋಧಕರನ್ನು ಕೈಹಿಡಿದು ಸುತ್ತಾಡಿಸಿ, ತಮ್ಮ ಕೇರಿಯನ್ನು ತೋರಿಸಿದರು. ನೀರಿಗೂ ಶೌಚಕ್ಕೂ ಪಡಿಪಾಟಲು ಪಡುತ್ತಿದ್ದ ಆ ಮಕ್ಕಳು, ಗೆಳೆಯರೂ ನೆರೆಹೊರೆಯೂ ಆಡುವುದಕ್ಕೆ ಬಯಲೂ ಇದ್ದುದರಿಂದ, ತಮ್ಮ ಸ್ಥಳವನ್ನು ಪ್ರೀತಿಯಿಂದಲೇ ವರ್ಣಿಸಿದರು. ಇದು ಬಡತನವನ್ನು ಸಹಿಸುವುದಕ್ಕೆ ಸಮರ್ಥನೆಯಲ್ಲ. ಬಡವರ ಮಕ್ಕಳಿಗೆ ಈಗಾಗಲೆ ಇರುವ ಒಂದು ಸಂಪತ್ತನ್ನು ಅಭಿವೃದ್ಧಿಯ ಹೆಸರಿನಲ್ಲಿ ಕಸಿಯಬಾರದೆಂಬುದಕ್ಕೆ ಸಾಕ್ಷ್ಯ.

ಕನ್ನಡ ನಾಡಿಗೆ ಈ ವಿಚಾರ ಹೊಸದೂ ಅಲ್ಲ. ಆರ್. ಕಲ್ಯಾಣಮ್ಮನವರು ಬೆಂಗಳೂರಿನಲ್ಲಿ ಮಕ್ಕಳ ಕೂಟವನ್ನು ಕಟ್ಟಿ ಬೆಳೆಸಿದರು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಪಾಠವನ್ನೂ ಆಟವನ್ನೂ ಮರಗಳ ನಡುವೆ ಒಂದುಗೂಡಿಸಿ ನೋಡಿದರು. ಇಂದು ಬೆಂಗಳೂರಿನ ಆಂಟ್‌ಹಿಲ್ ಕ್ರಿಯೇಷನ್ಸ್ ಎಂಬ ಸಂಸ್ಥೆಯವರು, ವಾಸ್ತುಶಿಲ್ಪವನ್ನು ಓದಿದ ಪೂಜಾ ರೈ ಅವರ ಮುಂದಾಳುತನದಲ್ಲಿ, ಸವೆದ ಟಾಯರುಗಳಿಂದ ಆಟದ ತಾಣಗಳನ್ನು ಕಟ್ಟುತ್ತಿರುವರು. ಅವರ ಕಾರ್ಯದಲ್ಲಿ ನನಗೆ ಬಹಳ ಮೆಚ್ಚಿಕೆಯಾದವು ಅಗ್ಗದ ಸಾಮಗ್ರಿಯೂ ಊರವರ ಕೈಜೋಡಿಸುವಿಕೆಯೂ. ಟಾಯರು ನಮ್ಮ ಬಿಸಿಲಿಗೆ ಕಾಯುವ ವಸ್ತು, ಅದನ್ನು ನೆರಳಿನಲ್ಲಿಯೇ ನೆಡಬೇಕು. ಆದರೆ ತೊಗರಿಕಟ್ಟಿಗೆ, ಜೋಳದ ದಂಟು, ಹುರಿಹಗ್ಗ, ಪರಸಿಕಲ್ಲು, ಎರೆಮಣ್ಣುಗಳಿರುವ ಊರಿಗೆ ತನ್ನದೇ ಒಂದು ಶೈಲಿ ಏಕೆ ಹುಟ್ಟಬಾರದು?

ಮಣ್ಣೂರಿನಲ್ಲಿ ಆ ಹೊತ್ತು ಗೌಂಡಿ ಉಂಡು ಬಂದನು. ಮಕ್ಕಳು ಬೈಗಳನ್ನು ನಿರೀಕ್ಷಿಸಿ ಅರ್ಧ ಎದ್ದು ನಿಂತರು; ಹುಡುಗಿ ತಂಬಿಗೆಯನ್ನು ಬೆನ್ನ ಹಿಂದೆ ಮರೆಮಾಡಿದಳು. ಅವನು ಬ್ಯಾರಲಿನೊಳಗೆ ಇಣುಕಿ, ನೀರು ಎಷ್ಟು ಇಳಿದಿದೆಯೆಂದು ನೋಡಿ, ತಲೆಗೆ ಸುತ್ತಿದ್ದ ಟವೆಲನ್ನು ಬಿಚ್ಚಿ ಮುಖ ಒರಸಿಕೊಂಡನು. ಸಲಿಕೆಯನ್ನು ಕೈಗೆತ್ತಿಕೊಂಡ ಕೂಲಿಯವನು ರಾಶಿಯ ಈಚೆಯ ಮಗ್ಗುಲಿಗೆ, ಹೊಳೆಯಿದ್ದ ಕಡೆಗೇ, ಹೋಗಿ ನಿಂತಿದ್ದನು.

“ಅತ್ತಗಡಿಂದ ತಗೀಪಾ” ಎಂದು ಗೌಂಡಿ ಹೇಳಿದನು. “ಇತ್ತಗಡಿಂದು ನಾಳಿಗಿರ್ಲಿ.”

ಹುಡುಗ ಚಪ್ಪಲಿಯನ್ನು ತಂದು ಕಾಲುವೆಗೆ ಮತ್ತೆ ಅಡ್ಡಲಾಗಿ ನಿಲ್ಲಿಸಿದನು.